ಏಡಿಗೆ ಹಸಿಮೀನೋ, ಗುಳಿಗೆಯೋ?

ಕೆಸರು ಏಡಿ ಸಾಕುವವರು ಮೊದಲು ತಿಳಿಯಬೇಕಾದದ್ದು: ಮೇವು ಬದಲಾದರೆ ಮಾಂಸದ ಪ್ರೋಟೀನ್ ಅಷ್ಟಾಗಿ ಬದಲಾಗದು, ಕೊಬ್ಬು ಬದಲಾಗುತ್ತದೆ. ಚಿಪ್ಪು ಬಿಡಿಸಿದಾಗ ಕಾಣುವ ಹಳದಿ ಮಿಶ್ರಿತ ಕಂದು ಭಾಗವೇ ಅದರ ಉಗ್ರಾಣ.

ಬೂತಾಯಿಯಂಥ ಎಣ್ಣೆಮೀನು ತಿಂದ ಏಡಿಯಲ್ಲಿ ಒಮೆಗಾ-3 ಕೊಬ್ಬು ಚೆನ್ನಾಗಿ ತುಂಬಿಕೊಳ್ಳುತ್ತದೆ. ಆದರೆ ತಿನ್ನದೆ ಉಳಿದ ಚೂರು ಕೊಳೆತು ನೀರಿನಲ್ಲಿ ಅಮೋನಿಯ ಏರುತ್ತದೆ. ಜೂನ್-ಜುಲೈನ ಮೀನುಗಾರಿಕೆ ನಿಷೇಧದಲ್ಲಿ ಮೀನು ಸಿಗುವುದೂ ಕಷ್ಟ.

ಗುಳಿಗೆ, ಅಂದರೆ ಕಾರ್ಖಾನೆಯ ಒಣ ಮೇವು, ವರ್ಷವಿಡೀ ಸಿಗುತ್ತದೆ, ಕೈಗೆ ವಾಸನೆಯೂ ಹತ್ತದು! ಆದರೆ ಅದರಲ್ಲಿ ಬರೀ ಸೋಯಾ ಎಣ್ಣೆಯಿದ್ದರೆ ಒಮೆಗಾ-6 ಎಂಬ ಬೇರೆ ಕೊಬ್ಬು ಹೆಚ್ಚಿ, ಒಮೆಗಾ-3ರ ಒಂದು ಬಗೆಯಾದ ಡಿಎಚ್‌ಎ ಇಳಿಯುತ್ತದೆ. ಏಡಿ ಅದನ್ನು ತಾನೇ ತಯಾರಿಸಿಕೊಳ್ಳುವುದು ತೀರಾ ಕಡಿಮೆ.

ನನ್ನ ಮತ ಮೀನೆಣ್ಣೆ ಬೆರೆಸಿದ ಗುಳಿಗೆಗೆ. ಮೊಟ್ಟೆಗಟ್ಟುವ ಹೆಣ್ಣೇಡಿಗಳಿಗೆ ಮಾತ್ರ ಮಾರಾಟಕ್ಕೆ ಮುಂಚಿನ ಕೆಲವು ವಾರ ತಾಜಾ ಮೀನನ್ನೇ ಹಾಕಿ.