ರ‍್ಯಾಂಕ್ ಮೊದಲು, ಅಂಕ ಆಮೇಲೆ ತೋರಿಸುವ ಮಾಕ್ ಟೆಸ್ಟ್ ಆ್ಯಪ್: ಐದಕ್ಕೆ ಮೂರು ಸ್ಟಾರ್

ಪ್ರಶ್ನೆಗಳ ಮಟ್ಟ ಚೆನ್ನಾಗಿದೆ. ಉತ್ತರಗಳ ವಿವರಣೆ ಇನ್ನೂ ಚೆನ್ನಾಗಿದೆ. ಟೈಮರ್ ಕೈಕೊಡುವುದಿಲ್ಲ. ಇದನ್ನೆಲ್ಲ ಬೇರೆಯವರು ಆಗಲೇ ಬರೆದಿದ್ದಾರೆ, ಹಾಗಾಗಿ ನಾನು ಟೆಸ್ಟ್ ಮುಗಿದ ಮೇಲೆ ಬರುವ ಪರದೆಯ ಬಗ್ಗೆ ಮಾತ್ರ ಬರೆಯುತ್ತೇನೆ.

ಸಬ್ಮಿಟ್ ಒತ್ತಿದ ಕೂಡಲೇ ದೊಡ್ಡ ಅಕ್ಷರದಲ್ಲಿ ರ‍್ಯಾಂಕ್ ಬರುತ್ತದೆ, ಅದರ ಕೆಳಗೆ ಪರ್ಸೆಂಟೈಲ್, ಅಂದರೆ ಬರೆದವರಲ್ಲಿ ನೂರಕ್ಕೆ ಎಷ್ಟು ಜನರಿಗಿಂತ ಮೇಲಿದ್ದೇವೆ ಅನ್ನೋದು. ಅಂಕ ಎಷ್ಟು, ಯಾವ ಅಧ್ಯಾಯದಲ್ಲಿ ಎಡವಿದ್ದೇವೆ ಅನ್ನೋದು ನೋಡಬೇಕಾದರೆ ಇನ್ನೂ ಎರಡು ಪರದೆ ದಾಟಬೇಕು. ಅಷ್ಟರಲ್ಲಿ ಮನಸ್ಸು ತೀರ್ಪು ಕೊಟ್ಟಾಗಿರುತ್ತದೆ, ಅಲ್ವಾ? ಆ ತೀರ್ಪಿನಲ್ಲಿ ನಮ್ಮ ಓದಿನಷ್ಟೇ ಪಾಲು, ಆ ಹೊತ್ತಿಗೆ ಟೆಸ್ಟ್ ಬರೆದವರು ಯಾರು ಅನ್ನೋದಕ್ಕೂ ಇದೆ. ಮೊದಲ ದಿನ ಗಂಭೀರವಾಗಿ ಓದುವವರೇ ಬರೆದಿದ್ದರೆ ಪರ್ಸೆಂಟೈಲ್ ಕೆಳಗಿರುತ್ತದೆ, ಆಮೇಲೆ ಸುಮ್ನೆ ಒಂದು ಕೈ ನೋಡೋಣ ಅಂತ ಬಂದವರು ಸೇರಿಕೊಂಡರೆ ಅದೇ ಅಂಕಕ್ಕೆ ಪರ್ಸೆಂಟೈಲ್ ಮೇಲೇರುತ್ತದೆ. ನಡುವೆ ನಾವು ಒಂದು ಪುಟವೂ ತಿರುವಿಲ್ಲ. 80 ಪರ್ಸೆಂಟೈಲ್ ಅಂದರೆ ನೂರಕ್ಕೆ 80 ಅಂಕ ಅಲ್ಲ ಅನ್ನೋದನ್ನೂ ಆ್ಯಪ್ ಎಲ್ಲಿಯೂ ಬಿಡಿಸಿ ಹೇಳುವುದಿಲ್ಲ. ಪೇಪರ್ ಕಷ್ಟ ಇದ್ದರೆ 40 ಅಂಕ ತೆಗೆದವರೂ ಅಲ್ಲಿ ಇರಬಹುದು.

ಇನ್ನೊಂದು ತೊಂದರೆ ನಮ್ಮ ತಲೆಯೊಳಗೇ ಇದೆ. ಪೇಪರ್ ಸುಲಭ ಇದ್ದರೆ ಉಳಿದವರಿಗಿಂತ ನಾನೇ ಮೇಲೆ ಅನ್ನಿಸುತ್ತದೆ, ಕಷ್ಟ ಇದ್ದರೆ ನಾನೇ ಹಿಂದೆ ಅನ್ನಿಸುತ್ತದೆ. ಅದೇ ಪೇಪರ್ ಉಳಿದವರಿಗೂ ಹಾಗೇ ಇತ್ತು ಅನ್ನೋದು ಲೆಕ್ಕಕ್ಕೇ ಬರುವುದಿಲ್ಲ. 1981ರಲ್ಲಿ ಓಲಾ ಸ್ವೆನ್ಸನ್ ಅನ್ನುವ ಮನೋವಿಜ್ಞಾನಿ ಗಾಡಿ ಓಡಿಸುವಂಥ, ಸುಲಭ ಅನ್ನಿಸುವ ಕೌಶಲದ ಬಗ್ಗೆ ಕೇಳಿದಾಗ, ಅಮೆರಿಕದ ಗುಂಪಿನಲ್ಲಿ ಶೇ. 93, ಸ್ವೀಡನ್ನಿನ ಗುಂಪಿನಲ್ಲಿ ಶೇ. 69 ಮಂದಿ ತಮ್ಮನ್ನು ಮೇಲಿನ ಅರ್ಧದಲ್ಲಿ ಇಟ್ಟುಕೊಂಡರು. ಚೆಸ್, ಪ್ರೋಗ್ರಾಮಿಂಗ್‌ನಂಥ ಕಷ್ಟದ ಕೆಲಸಗಳ ಬಗ್ಗೆ ಜಸ್ಟಿನ್ ಕ್ರೂಗರ್ ಅನ್ನುವ ಇನ್ನೊಬ್ಬ ಮನೋವಿಜ್ಞಾನಿ 1999ರಲ್ಲಿ ಕೇಳಿದಾಗ ಉಲ್ಟಾ ಆಯಿತು, ಜನ ತಮ್ಮನ್ನು ಸರಾಸರಿಗಿಂತ ಕೆಳಗೆ ಇಟ್ಟುಕೊಂಡರು.

ಈಗ ಆ್ಯಪ್‌ನ ನಿಜವಾದ ಒಳ್ಳೆಯ ಭಾಗಕ್ಕೆ ಬರುತ್ತೇನೆ. ಸೆಟ್ಟಿಂಗ್ಸ್‌ನಲ್ಲಿ ಹುಡುಕಿದರೆ ‘ನಿಮ್ಮ ಅಂದಾಜು’ ಅಂತ ಒಂದು ಆಯ್ಕೆ ಸಿಗುತ್ತದೆ. ಅದನ್ನು ಆನ್ ಮಾಡಿದರೆ ಫಲಿತಾಂಶಕ್ಕೆ ಮೊದಲು ಎಷ್ಟು ಅಂಕ ಬರಬಹುದು ಅಂತ ಕೇಳುತ್ತದೆ, ಆಮೇಲೆ ಅಂದಾಜು ಮತ್ತು ಅಂಕ ಎರಡನ್ನೂ ಅಕ್ಕಪಕ್ಕ ಇಡುತ್ತದೆ. ಯಾವ ವಿಷಯದಲ್ಲಿ ನನಗೆ ಗೊತ್ತಿದೆ ಅಂದುಕೊಂಡಿದ್ದೇನೆ, ಯಾವುದರಲ್ಲಿ ನಿಜವಾಗಿ ಗೊತ್ತಿದೆ ಅನ್ನೋದು ಟೆಸ್ಟ್ ಮೇಲೆ ಟೆಸ್ಟ್ ಬರೆದಂತೆ ಸ್ಪಷ್ಟವಾಗುತ್ತಾ ಹೋಗುತ್ತದೆ. ಯಾವ ರ‍್ಯಾಂಕ್ ಕೂಡ ನನಗೆ ಇದನ್ನು ಹೇಳಿಲ್ಲ. ಇಷ್ಟು ಒಳ್ಳೆಯದನ್ನು ಯಾಕೆ ಮೂಲೆಯಲ್ಲಿ ಬಚ್ಚಿಟ್ಟಿದ್ದಾರೋ!

ಪ್ರಬಂಧದ ಪ್ರಶ್ನೆಗಳಿಗೆ ಬೇರೆಯವರ ಉತ್ತರ ಓದುವ ಅವಕಾಶವೂ ಇದೆ, ಹೆಸರಿಲ್ಲದೆ. ನನಗೆ ಬಹಳ ಇಷ್ಟ, ಆದರೆ ಎಲ್ಲರಿಗೂ ಒಂದೇ ರೀತಿ ಉಪಯೋಗ ಆಗುವುದಿಲ್ಲ. ಕ್ರೂಗರ್ ಮತ್ತು ಡೇವಿಡ್ ಡನಿಂಗ್ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮಾಡಿದ 1999ರ ಅಧ್ಯಯನಗಳಲ್ಲಿ, ಪರೀಕ್ಷೆಯಲ್ಲಿ ಕೊನೆಯ ಕಾಲು ಭಾಗದಲ್ಲಿದ್ದವರು ಸರಾಸರಿ 12ನೇ ಪರ್ಸೆಂಟೈಲ್‌ನಲ್ಲಿದ್ದರೂ 62ರಲ್ಲಿದ್ದೇವೆ ಅಂದುಕೊಂಡಿದ್ದರು. (ಈ ಅಂತರದಲ್ಲಿ ಸ್ವಲ್ಪ ಭಾಗ ಬರೀ ಅಂಕಿಅಂಶದ ಆಟ ಅನ್ನುವ ತಕರಾರೂ ಇದೆ, ಅದು ಪೂರ್ತಿ ತಳ್ಳಿಹಾಕುವಂಥದ್ದಲ್ಲ.) ವ್ಯಾಕರಣದ ಪರೀಕ್ಷೆ ಬರೆದವರಿಗೆ ಬೇರೆ ಐದು ಜನರ ಉತ್ತರ ಪತ್ರಿಕೆ ಕೊಟ್ಟು ನೋಡಿಸಿದಾಗ, ಚೆನ್ನಾಗಿ ಬರೆದವರು ತಮ್ಮ ಅಂದಾಜನ್ನು ಸರಿಯಾಗಿ ಮೇಲಕ್ಕೆ ತಿದ್ದಿಕೊಂಡರು, ಯಾಕೆಂದರೆ ಅಲ್ಲಿಯವರೆಗೆ ತಮಗೆ ಸುಲಭ ಅನ್ನಿಸಿದ್ದು ಎಲ್ಲರಿಗೂ ಸುಲಭ ಅಂದುಕೊಂಡಿದ್ದರು. ಕೊನೆಯಲ್ಲಿದ್ದವರು ತಿದ್ದಿಕೊಳ್ಳಲಿಲ್ಲ. ಒಳ್ಳೆಯ ಉತ್ತರ ಕಣ್ಣೆದುರು ಇದ್ದರೂ ಅದು ಯಾಕೆ ಒಳ್ಳೆಯದು ಅಂತ ಗುರುತಿಸಲು ಆ ವಿಷಯವೇ ಗೊತ್ತಿರಬೇಕಲ್ಲ. ತರ್ಕದ ಪರೀಕ್ಷೆಯಲ್ಲಿ ಹಿಂದಿದ್ದವರಿಗೆ ಪಾಠ ಹೇಳಿಕೊಟ್ಟ ಮೇಲೆ ಅವರ ಅಂದಾಜು ಸುಧಾರಿಸಿತು.

ಹಾಗಾಗಿ ಆ್ಯಪ್ ಮಾಡಿದವರಲ್ಲಿ ಕೇಳಿಕೊಳ್ಳುತ್ತೇನೆ: ಬೇರೆಯವರ ಉತ್ತರದ ಪಕ್ಕದಲ್ಲೇ ಅದಕ್ಕೆ ಎಷ್ಟು ಅಂಕ, ಯಾಕೆ ಅಷ್ಟು ಅಂತ ಎರಡು ಸಾಲು ಹಾಕಿ. ಹೊಸದಾಗಿ ಓದಲು ಶುರು ಮಾಡಿದವರಿಗೆ ಅದು ತುಂಬಾ ಬೇಕು. ‘ನಿಮ್ಮ ಅಂದಾಜು’ ಮೊದಲಿನಿಂದಲೇ ಆನ್ ಇರಲಿ. ರ‍್ಯಾಂಕ್ ಕೊನೆಯ ಪರದೆಗೆ ಹೋಗಲಿ, ಬೇಕಾದವರು ನೋಡಿಕೊಳ್ಳಲಿ. ಇಷ್ಟಾದರೆ ನಾನೇ ಬಂದು ಐದು ಸ್ಟಾರ್ ಮಾಡುತ್ತೇನೆ. ಅಲ್ಲಿಯವರೆಗೆ ಇನ್‌ಸ್ಟಾಲ್ ಮಾಡುವವರು ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ರ‍್ಯಾಂಕ್ ನೋಟಿಫಿಕೇಶನ್ ಆಫ್ ಮಾಡಿಕೊಳ್ಳಿ, ಇಲ್ಲದಿದ್ದರೆ ಬೇರೆಯವರು ಟೆಸ್ಟ್ ಬರೆದಾಗಲೆಲ್ಲ ನಿಮ್ಮ ಫೋನ್ ಸದ್ದು ಮಾಡುತ್ತದೆ.