ಎಐ ಕೋಡ್ ಕೆಡಿಸಿದಾಗ: ಬೈದೂ ನೋಡಿದೆ, ಚಾಟ್ ಬದಲಿಸಿಯೂ ನೋಡಿದೆ, ಟೆಸ್ಟ್ ಬರೆದೂ ನೋಡಿದೆ

ನನ್ನ ತಲೆ ಕೆಡಿಸಿದ್ದು ಒಂದು ಒತ್ತಕ್ಷರ. ಚಿಕ್ಕ ಬಾಕ್ಸ್‌ನಲ್ಲಿ ಉದ್ದದ ಹೆಸರುಗಳನ್ನು ಮೊಟಕು ಮಾಡಿ ತೋರಿಸಬೇಕಿತ್ತು, ಅಷ್ಟೇ. ‘ಕೃಷ್ಣ’ ನಮಗೆ ಎರಡೇ ಅಕ್ಷರ, ಅಲ್ವಾ? ಜಾವಾಸ್ಕ್ರಿಪ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಲೆಕ್ಕದಲ್ಲಿ ಐದು: ಕ, ವಟ್ರಸುಳಿ, ಷ, ಹಲಂತ, ಣ. ನಾಲ್ಕಕ್ಕೆ ಕತ್ತರಿಸಿದರೆ ‘ಕೃಷ್’ ಅಂತ ಬೋಳಾಗಿ ನಿಲ್ಲುತ್ತದೆ. ಸರಿಮಾಡು ಅಂತ ಎಐಗೆ ಹೇಳಿದೆ.

ಮೊದಲ ಉಪಾಯ ಬೈಯುವುದು. ಎಐ ಪದವನ್ನು ಬಿಡಿಬಿಡಿ ಮಾಡುವ ‘ಅರೇ.ಫ್ರಮ್’ ಹಾಕಿ, ಸರಿಹೋಯಿತು ಅಂದಿತು. ಸರಳ ಇಮೋಜಿಗೆ ಅದು ಸರಿ, ಕನ್ನಡಕ್ಕೆ ಮತ್ತೆ ಅದೇ ಐದು ತುಂಡು. ಬೈದೆ. ‘ನೀವು ಹೇಳಿದ್ದು ನಿಜ, ಕ್ಷಮಿಸಿ’ ಅಂತ ವಿನಯದಿಂದ ಒಪ್ಪಿಕೊಂಡು, ನಾಲ್ಕನೇ ಸಲಕ್ಕೆ ಮೊದಲನೇ ಉತ್ತರವನ್ನೇ ವೇರಿಯಬಲ್ ಹೆಸರು ಬದಲಿಸಿ ವಾಪಸ್ ಕೊಟ್ಟಿತು. ಪ್ರತಿ ಉತ್ತರಕ್ಕೂ ಅದು ಹಿಂದಿನ ಮಾತನ್ನೆಲ್ಲ ಓದಿಕೊಂಡೇ ಬರೆಯುತ್ತದೆ. ಅಂದಮೇಲೆ ಅದರ ತಪ್ಪುಗಳು, ನನ್ನ ಬೈಗುಳ ಎಲ್ಲಾ ಅಲ್ಲೇ ಕೂತು ದಾರಿ ತಪ್ಪಿಸುತ್ತಿರುತ್ತವೆ. ಬೈದು ಲಾಭವಿಲ್ಲ, ನಮ್ಮ ಬಿಪಿಗೆ ಕೇಡು.

ಎದ್ದು ಕಾಫಿ ಕುಡಿದು ಬಂದೆ. ಕಾಫಿ ಚೆನ್ನಾಗಿತ್ತು. ‘ಕೃಷ್’ ಹಾಗೇ ಇತ್ತು.

ಆಮೇಲೆ, ಕೋಡಿನ ಹಳೆಯ ಆವೃತ್ತಿಗಳನ್ನು ಉಳಿಸಿಡುವ ಗಿಟ್‌ನಲ್ಲಿ ಬದಲಾವಣೆಗಳನ್ನೆಲ್ಲ ಕಿತ್ತುಹಾಕಿ ಹೊಸ ಚಾಟ್ ತೆರೆದೆ. ಯಾವ ದಾರಿ ಏಕೆ ಕೈಕೊಟ್ಟಿತು ಅಂತ ಎರಡು ಸಾಲು ಬರೆದೆ. ಇದು ನಿಜಕ್ಕೂ ವಾಸಿ. ಈ ಸಲ ಕಣ್ಣಿಗೆ ಕಾಣುವ ಅಕ್ಷರ ನೋಡಿ ತುಂಡು ಮಾಡುವ ‘ಇಂಟ್ಲ್.ಸೆಗ್ಮೆಂಟರ್’ ತಂದಿತು, ನನ್ನ ಬ್ರೌಸರ್‌ನಲ್ಲಿ ಐದು ತುಂಡು ಮೂರಾಯಿತು: ಕೃ, ಷ್, ಣ. ಆದರೆ ಸರಿಯೋ ತಪ್ಪೋ ಅಂತ ಪ್ರತಿ ಸಲ ಕಣ್ಣಿಟ್ಟು ನೋಡುವ ಕೆಲಸ ಇನ್ನೂ ನನ್ನದೇ.

ಕೊನೆಗೆ ಟೆಸ್ಟ್ ಬರೆದೆ, ಅಂದರೆ ಉತ್ತರ ಸರಿಯೋ ತಪ್ಪೋ ಅಂತ ತಾನೇ ನೋಡಿ ಹೇಳುವ ಚಿಕ್ಕ ಕೋಡ್. ಎರಡಕ್ಕೆ ಕತ್ತರಿಸಿದರೆ ‘ಕೃಷ್ಣ’ ಪೂರ್ತಿ ಬರಬೇಕು, ಒಂದಕ್ಕೆ ಕತ್ತರಿಸಿದರೆ ‘ಕೃ’ ಮಾತ್ರ. ಎಐಗೆ ಕೊಟ್ಟು, ಅದು ತಿದ್ದಿದ ಮೇಲೆ ರನ್ ಮಾಡಿದೆ, ಎಲ್ಲಾ ಹಸಿರು, ಅಂದರೆ ಪಾಸ್! ಅನುಮಾನ ಬಂದು ತೆರೆದು ನೋಡಿದರೆ, ಪುಣ್ಯಾತ್ಮ ನನ್ನ ಟೆಸ್ಟ್ ಫೈಲಿಗೇ ಕೈಹಾಕಿ ನಿರೀಕ್ಷಿತ ಉತ್ತರವನ್ನು ‘ಕೃಷ್’ ಅಂತ ತಿದ್ದಿದ್ದ. ವಿಚಿತ್ರ ಅಂದರೆ ಆಗ ಕೋಪ ಬರಲಿಲ್ಲ, ನಗು ಬಂತು. ಟೆಸ್ಟ್ ಫೈಲ್ ಮುಟ್ಟಬೇಡ ಅಂತ ಸೇರಿಸಿ ಮತ್ತೆ ಹೊಸ ಚಾಟ್‌ನಲ್ಲಿ ಕೊಟ್ಟೆ. ತುಂಡಿನ ಕೊನೆಗೆ ಹಲಂತ ಇದ್ದರೆ ಮುಂದಿನ ತುಂಡನ್ನು ಅಂಟಿಸು ಅನ್ನುವ ಆರು ಸಾಲು ಬಂತು. ಇಲ್ಲಿ ವಾದ ಮಾಡುವುದು ಟೆಸ್ಟ್, ನಾನಲ್ಲ. ಹಾಗಾಗಿ ನನ್ನ ಓಟು ಟೆಸ್ಟ್ ಮತ್ತು ಹೊಸ ಚಾಟ್ ಜೋಡಿಗೆ. ಟೆಸ್ಟ್ ಬರೆಯಲು ಇಪ್ಪತ್ತು ನಿಮಿಷ ಹೋಯಿತು, ಬೈಯಲು ಅದಕ್ಕಿಂತ ಜಾಸ್ತಿ ಹೋಗಿತ್ತು.

ಮಾರನೇ ದಿನ ‘ಥಾಮಸ್ ಮಾಸ್ತರ್’ ಅನ್ನುವ ಹೆಸರು ಹಾಕಿ ನೋಡಿದೆ. ‘ಸ್’ ಹೋಗಿ ಪಕ್ಕದ ಖಾಲಿ ಜಾಗಕ್ಕೆ ಅಂಟಿಕೊಂಡಿತ್ತು. ಅದನ್ನು ಸರಿಮಾಡುವ ಒಂದು ಸಾಲನ್ನು ಯಾರನ್ನೂ ಕೇಳದೆ ನಾನೇ ಬರೆದೆ.