ಫೈಲ್ ಜೊತೆ ಫಾಂಟ್ ಕಳಿಸೋದು: ವರ್ಡ್ ರೆಡಿ, ಫಾಂಟ್ ಒಪ್ಪಬೇಕಲ್ಲ!

ನಾನು ಪುಸ್ತಕಗಳ ಪುಟ ಜೋಡಿಸುವವನು. ನನ್ನ ಫಾಂಟ್ ಕರಡು ತಿದ್ದುವವರ ಕಂಪ್ಯೂಟರ್‌ನಲ್ಲಿ ಇರುವುದಿಲ್ಲ. ಅದಕ್ಕೇ ವರ್ಷಗಳಿಂದ ವರ್ಡ್‌ನ ಆಪ್ಷನ್ಸ್‌ಗೆ ಹೋಗಿ, ಸೇವ್ ಪುಟದ ಕೆಳಗಡೆ ಇರುವ ‘ಎಂಬೆಡ್ ಫಾಂಟ್ಸ್’ (ಫಾಂಟನ್ನು ಫೈಲಿನೊಳಗೇ ಸೇರಿಸು) ಟಿಕ್ ಹಾಕಿಯೇ ಫೈಲ್ ಕಳಿಸುತ್ತೇನೆ.

ಎಲ್ಲ ಕಂಪ್ಯೂಟರಿಗೂ ಅಕ್ಷರಗಳ ಸಂಕೇತ ಒಂದೇ ಆಗಿರುವ ಯುನಿಕೋಡ್ ಇದ್ದರೆ ಇದೆಲ್ಲಾ ಯಾಕೆ ಅಂತ ಕೇಳುತ್ತಾರೆ. ಓದೋಕೆ ತೊಂದರೆ ಇಲ್ಲ, ನನ್ನ ಫಾಂಟ್ ಜಾಗದಲ್ಲಿ ವಿಂಡೋಸ್‌ನದೇ ತುಂಗಾನೋ ನಿರ್ಮಲಾನೋ ಬಂದು ಕೂರುತ್ತದೆ. ಆದರೆ ಅಕ್ಷರದ ಅಗಲ ಬೇರೆ, ಒತ್ತಕ್ಷರಕ್ಕೆ ಬೇಕಾದ ಸಾಲಿನ ಎತ್ತರ ಬೇರೆ. ಅವರು 40ನೇ ಪುಟ ಅಂದಿದ್ದು ನನ್ನಲ್ಲಿ 42ರಲ್ಲಿ ಸಿಗುತ್ತದೆ. ಫೋನ್‌ನಲ್ಲಿ ತಿದ್ದುಪಡಿ ಹೇಳಿಸಿಕೊಳ್ಳುವವರಿಗೆ ಈ ಕಷ್ಟ ಗೊತ್ತು. ಫಾಂಟ್ ಒಳಗೇ ಇದ್ದರೆ ಆ ತಲೆನೋವು ಬಹುಪಾಲು ಹೋಯಿತು.

ಕಳಿಸುವ ಮುಂಚೆ ನನ್ನದೊಂದು ಚಾಳಿ ಇದೆ. ಫೈಲಿನ ಕಾಪಿ ಮಾಡಿ, ಹೆಸರಿನ ಕೊನೆಗಿರುವ ಡಾಕ್‌ಎಕ್ಸ್ ತೆಗೆದು ಜಿಪ್ ಅಂತ ಹಾಕುತ್ತೇನೆ. ತೆರೆದರೆ ವರ್ಡ್ ಫೋಲ್ಡರ್, ಅದರೊಳಗೆ ಫಾಂಟ್ಸ್ ಫೋಲ್ಡರ್. ಅಲ್ಲಿ ಒಡಿಟಿಟಿಎಫ್ ಅನ್ನೋ ಬಾಲದ ಫೈಲುಗಳು ಕಂಡರೆ ಸಮಾಧಾನ. ಮಾಮೂಲಿ ಅಕ್ಷರಕ್ಕೊಂದು, ಬೋಲ್ಡ್‌ಗೊಂದು. ಅದನ್ನೇ ಎತ್ತಿಕೊಂಡು ಇನ್‌ಸ್ಟಾಲ್ ಮಾಡೋಣ ಅಂದರೆ ಆಗಲ್ಲ. ಮೊದಲ 32 ಬೈಟುಗಳನ್ನು ಕಲಸಿಟ್ಟಿರುತ್ತಾರೆ.

‘ಬಳಸಿದ ಅಕ್ಷರ ಮಾತ್ರ ಸೇರಿಸು’ ಅನ್ನೋ ಟಿಕ್ ತಂಟೆಗೆ ನಾನು ಹೋಗುವುದಿಲ್ಲ. ಫೈಲ್ ಹಗುರವಾಗುತ್ತದೆ ನಿಜ. ಆದರೆ ಪುಸ್ತಕದಲ್ಲಿ ಎಲ್ಲೂ ‘ಝ’ ಇಲ್ಲದಿದ್ದರೆ, ತಿದ್ದುವವರು ‘ಝರಿ’ ಅಂತ ಟೈಪ್ ಮಾಡಿದಾಗ ಆ ಅಕ್ಷರಕ್ಕೆ ಫಾಂಟೇ ಇರಲ್ಲ.

ಇಷ್ಟಾಗಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಕಳೆದ ಸಲ ಒಂದು ಫಾಂಟ್ ದುಡ್ಡು ಕೊಟ್ಟು ತಂದೆ. ನನ್ನ ಮಟ್ಟಿಗೆ ಅದು ಸಣ್ಣ ಮೊತ್ತವಲ್ಲ. ಟಿಕ್ ಹಾಕಿದೆ, ಸೇವ್ ಮಾಡಿದೆ, ಜಿಪ್ ತೆರೆದೆ. ಅದರ ಸುಳಿವೇ ಇಲ್ಲ! ಫಾಂಟ್ ಫೈಲಿನ ಒಳಗೇ ಒಂದು ಗುರುತು ಇರುತ್ತದೆ: ತಡೆಯಿಲ್ಲದೆ ಸೇರಿಸಬಹುದು, ಸೇರಿಸಿದ ಫೈಲನ್ನು ತಿದ್ದಬಹುದು, ಬರೀ ನೋಡಿ ಪ್ರಿಂಟ್ ಮಾಡಬಹುದು, ಇಲ್ಲವೇ ಸೇರಿಸುವ ಹಾಗೇ ಇಲ್ಲ. ಇದರದ್ದು ಕೊನೆಯ ಜಾತಿ. ವರ್ಡ್ ಆ ಗುರುತಿಗೆ ಮರ್ಯಾದೆ ಕೊಟ್ಟಿದೆ, ಅದರದ್ದೇನೂ ತಪ್ಪಿಲ್ಲ. ಮಾರಿದವರು ಮಾತ್ರ ಈ ವಿಷಯ ಎಲ್ಲೂ ಹೇಳಿರಲಿಲ್ಲ. ಕೇಳಿದರೆ ‘ಅದಕ್ಕೆ ಬೇರೆ ಲೈಸೆನ್ಸ್ ತಗೊಳ್ಳಿ’ ಅಂದರು. ಬರೀ ಪ್ರಿಂಟ್‌ಗೆ ಬಿಡುವಂಥದ್ದಾಗಿದ್ದರೂ ನನಗೆ ಉಪಯೋಗವಿರಲಿಲ್ಲ ಬಿಡಿ. ಅಂಥ ಫಾಂಟ್ ಇದ್ದರೆ ಆಚೆಯವರಲ್ಲಿ ಫೈಲ್ ಓದಲಿಕ್ಕೆ ಮಾತ್ರ ತೆರೆಯುತ್ತದೆ.

ವಿಂಡೋಸ್‌ನಲ್ಲಿ ಫಾಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಡೀಟೇಲ್ಸ್ ನೋಡಿದರೆ ಈ ಗುರುತು ಕಾಣುತ್ತದೆ. ಆದರೆ ಫಾಂಟ್ ಕೈಗೆ ಬಂದ ಮೇಲಲ್ವಾ ನೋಡೋದು? ಈಗ ಒಳಪುಟಗಳಿಗೆಲ್ಲ ನೋಟೋ ಸೆರಿಫ್ ಕನ್ನಡ. ಪುಕ್ಕಟೆ ಸಿಗುತ್ತದೆ, ಮುಕ್ತ ಲೈಸೆನ್ಸ್, ಸೇರಿಸಲಿಕ್ಕೆ ತಕರಾರಿಲ್ಲ. ದುಡ್ಡು ಕೊಟ್ಟದ್ದು ರಕ್ಷಾಪುಟದ ಶೀರ್ಷಿಕೆಗೆ ಮೀಸಲು, ಅದೂ ಚಿತ್ರ ಮಾಡಿ ಅಂಟಿಸುತ್ತೇನೆ. ಸೌಲಭ್ಯಕ್ಕೆ ನಾಲ್ಕು ಸ್ಟಾರ್, ಆ ಫಾಂಟ್‌ಗೆ ಒಂದು.